ಎಣ್ಣೆ ತಲೆಯೂ ಮಾವನವರ ಮೇಲೂ

ನರಕ ಚತುರ್ದಶಿ, ಬೆಳಿಗ್ಗೆ ಐದೂವರೆ, ಸಾಗರದ ಮಾವನ ಮನೆ. ಅತ್ತೆ ನೆತ್ತಿಗೆ ಎಣ್ಣೆ ಒತ್ತಿ, ಆರತಿ ಎತ್ತಿ, "ಅರ್ಧ ಗಂಟೆ ನೆನೀಲಿ, ಹಂಡೆ ನೀರು ಕಾಯ್ತಾ ಇದೆ" ಅಂತ ಮಣೆಯಿಂದ ಎಬ್ಬಿಸಿದರು. ಸೊಂಟಕ್ಕೊಂದು ಹಳೇ ಟವೆಲ್, ಮೈತುಂಬಾ ಎಣ್ಣೆ. ಈ ಅವತಾರದಲ್ಲಿ ಅಳಿಯ ಎಲ್ಲಿಗೂ ತಪ್ಪಿಸಿಕೊಂಡು ಹೋಗುವ ಹಾಗಿಲ್ಲ ಅನ್ನುವುದು ಮಾವನವರಿಗೆ ಚೆನ್ನಾಗಿ ಗೊತ್ತಿತ್ತು.

"ಹೇಗೂ ಸುಮ್ನೆ ಕೂರಬೇಕಲ್ವಾ. ಒಂಚೂರು ನಮ್ಮ ಮೇಲ್ ನೋಡ್ತೀರಾ?"

ನಾನು ಸಂಬಳದ ಲೆಕ್ಕ ಬರೆಯುವವನು. ಬರೆಯುವುದು ಸಾಫ್ಟ್‌ವೇರ್ ಕಂಪನಿಯಲ್ಲಿ ಅನ್ನುವ ಒಂದೇ ತಪ್ಪಿಗೆ ಮಿಕ್ಸಿಯಿಂದ ಇನ್ವರ್ಟರ್‌ವರೆಗೆ ಆ ಮನೆಯಲ್ಲಿ ಕೆಟ್ಟದ್ದೆಲ್ಲ ನನ್ನ ಪಾಲಿಗೆ.

ಮಾವನವರು ಮೇಲ್ ನೋಡುವುದು ಕಂಪ್ಯೂಟರಿನ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂನಲ್ಲಿ. ಬ್ರೌಸರಿನಲ್ಲಿ ನೋಡಿದರೆ ಕಾಗದ ಅಂಚೆ ಕಚೇರಿಗೆ ಹೋಗಿ ಓದಿ ಬಂದ ಹಾಗೆ, ಇದರಲ್ಲಾದರೆ ಮನೆಗೆ ತಂದು ಕೊಟ್ಟ ಹಾಗೆ ಅಂತ ಅವರ ವಾದ. ಪೂರ್ತಿ ತಪ್ಪೇನಲ್ಲ. ಆದರೆ ಗಣೇಶನ ಹಬ್ಬದ ಹೊತ್ತಿಗೆ ಅದು ಕೈಕೊಟ್ಟಿತ್ತು. ಒಂದೂ ಬರುವುದಿಲ್ಲ, ಒಂದೂ ಹೋಗುವುದಿಲ್ಲ. ತೆರೆದ ಕೂಡಲೇ ಲಾಗಿನ್ ಆಗಲಿಲ್ಲ, ಪಾಸ್‌ವರ್ಡ್ ಮತ್ತೆ ಹಾಕಿ ಅನ್ನುತ್ತಿತ್ತು.

"ಪಾಸ್‌ವರ್ಡ್ ಸರೀನೇ ಇದೆ" ಅಂತ ಮಾವ ಡೈರಿಯ ಕೊನೇ ಪುಟ ತೋರಿಸಿದರು. ಹಾಲಿನ ಲೆಕ್ಕದ ಪಕ್ಕದಲ್ಲಿ ದುಂಡಗೆ ಬರೆದಿತ್ತು. ಅದನ್ನೇ ಬ್ರೌಸರಿನಲ್ಲಿ ಹಾಕಿದರೆ ಮೇಲ್ ತೆರೆಯಿತು. ನಮ್ಮಜ್ಜಿಗೆ ತಲೆನೋವು, ಮಂಡಿನೋವು, ಮೊಮ್ಮಗ ಫೇಲಾದದ್ದು ಎಲ್ಲಕ್ಕೂ ಪಿತ್ತವೇ ಕಾರಣವಾಗಿತ್ತು. ಈ ಪ್ರೋಗ್ರಾಂಗಳೂ ಹಾಗೇ, ಏನು ಕೆಟ್ಟರೂ ಪಾಸ್‌ವರ್ಡ್ ಮೇಲೆ ಹಾಕುತ್ತವೆ.

ಮೊದಲೆಲ್ಲ ಇಂಥ ಪ್ರೋಗ್ರಾಂ ನಮ್ಮ ಪಾಸ್‌ವರ್ಡ್ ಇಟ್ಟುಕೊಂಡು ಸರ್ವರ್‌ಗೆ ತೋರಿಸಿದರೆ ಸಾಕಿತ್ತು. ಸಾಮಾನ್ಯ ಖಾತೆಗಳಿಗೆ ಗೂಗಲ್ ಅದನ್ನು 2022ರ ಮೇ ಕೊನೆಯಲ್ಲಿ ನಿಲ್ಲಿಸಿತು. ಮಾವನವರ ಮೇಲ್ ಬೇರೆ ಕಂಪನಿಯದು, ಅದರ ಸರದಿ ಈಗ ಬಂದಿತ್ತು. ಹೊಸ ಪದ್ಧತಿಯ ಹೆಸರು ಓಆತ್2. ಮೇಲ್ ಕಂಪನಿಯ ಲಾಗಿನ್ ಪುಟವೇ ತೆರೆದುಕೊಳ್ಳುತ್ತದೆ, ಪಾಸ್‌ವರ್ಡ್ ನೇರ ಅವರಿಗೇ ಕೊಡಬೇಕು, ಅವರು ಪ್ರೋಗ್ರಾಂ ಕೈಗೆ ಒಂದು ಟೋಕನ್ ಕೊಡುತ್ತಾರೆ, ದೇವಸ್ಥಾನದ ಊಟದ ಚೀಟಿ ಇದ್ದ ಹಾಗೆ.

ಜಾರುವ ಮೌಸ್ ಹಿಡಿದು ಸರ್ವರ್ ಸೆಟ್ಟಿಂಗ್ಸ್‌ಗೆ ಹೋಗಿ 'ನಾರ್ಮಲ್ ಪಾಸ್‌ವರ್ಡ್' ಅಂತಿದ್ದದ್ದನ್ನು ಓಆತ್2 ಮಾಡಿದೆ. ಉಳಿಸಿಟ್ಟಿದ್ದ ಹಳೇ ಪಾಸ್‌ವರ್ಡ್ ಅಳಿಸಿದೆ. ಲಾಗಿನ್ ಕಿಟಕಿ ಬಂತು, ಕುಕೀಸ್ ಆನ್ ಮಾಡಿ ಅಂದಿತು. ಕುಕೀಸ್ ಅಂದರೆ ಬಂದವರ ಗುರುತಿಗೆ ವೆಬ್‌ಸೈಟು ನಮ್ಮ ಕಂಪ್ಯೂಟರಿನಲ್ಲಿ ಇಡುವ ಪುಟ್ಟ ಟಿಪ್ಪಣಿ.

"ಮಾವ, ಕುಕೀಸ್ ಯಾಕೆ ಆಫ್ ಮಾಡಿದ್ದೀರಿ?"

"ಒಳ್ಳೇದಲ್ಲ ಅಂತ ಪೇಪರಿನಲ್ಲಿ ಬಂದಿತ್ತು."

ಒಳಗಿಂದ ಅತ್ತೆ ಕೂಗಿದರು, "ಎಣ್ಣೆ ಮೈಯಲ್ಲಿ ಎಂಥ ಬಿಸ್ಕತ್ತು? ಸ್ನಾನ ಆಗಲಿ, ತಿಂಡಿ ಕೊಡ್ತೀನಿ!"

ಕುಕೀಸ್ ಆನ್ ಆಯಿತು. ಮಾವನವರ ಮೊಬೈಲಿಗೆ ಓಟಿಪಿ ಬಂತು. ಅವರೂ ನನ್ನಂತೆ ಎಣ್ಣೆಯಲ್ಲೇ ಇದ್ದರಲ್ಲ, ಹೆಬ್ಬೆಟ್ಟು ಒತ್ತಿದರೆ ಮೊಬೈಲಿಗೆ ಗುರುತೇ ಸಿಗಲಿಲ್ಲ. ಟವೆಲ್‌ಗೆ ಒರೆಸಿ ಒತ್ತಿದರು. ಟವೆಲ್ಲೂ ಎಣ್ಣೆ. ಕೊನೆಗೆ ಕಡಲೆಹಿಟ್ಟು ತರಿಸಿ, ಹೆಬ್ಬೆರಳೊಂದನ್ನೇ ಉಜ್ಜಿ ತೊಳೆದು ಬರುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿತ್ತು. ಮತ್ತೊಂದು ತರಿಸಿದೆವು. ಅದನ್ನು ಅವರು ಓದಿ ಹೇಳುವಾಗ ಆರೋ ಒಂಬತ್ತೋ ಅಂತ ಚರ್ಚೆಯಾಯಿತು. ಮೂರನೆಯದಕ್ಕೆ ಬಾಗಿಲು ತೆರೆಯಿತು. ಎರಡು ತಿಂಗಳ ಮೇಲ್ ದಬದಬ ಬಿತ್ತು.

"ಒಂದು ಕಳಿಸಿ ನೋಡೋಣ" ಅಂದರು. ಹೋಗಲಿಲ್ಲ. ಮತ್ತದೇ ಪಾಸ್‌ವರ್ಡ್ ರಾಗ.

ಇಲ್ಲೇ ನನ್ನಂಥವರು ಮುಗ್ಗರಿಸುವುದು. ಮೇಲ್ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಮೇಲ್ ತರುವ ಐಮ್ಯಾಪ್ 993ನೇ ನಂಬರಿನ ತಲೆಬಾಗಿಲು, ಕಳಿಸುವ ಎಸ್‌ಎಂಟಿಪಿ 587ನೇ ಹಿತ್ತಿಲ ಬಾಗಿಲು. ತಲೆಬಾಗಿಲ ಬೀಗ ಬದಲಿಸಿದರೆ ಹಿತ್ತಿಲದ್ದು ತಾನಾಗಿ ಬದಲಾಗುತ್ತದೆಯೇ? ಸೆಟ್ಟಿಂಗ್ಸ್ ಪಟ್ಟಿಯ ತೀರಾ ಕೆಳಗೆ, ಯಾರ ಕಣ್ಣಿಗೂ ಬೀಳಬಾರದು ಅನ್ನುವಂತೆ ಔಟ್‌ಗೋಯಿಂಗ್ ಸರ್ವರ್ ಇತ್ತು. ಅಲ್ಲೂ ಓಆತ್2 ಮಾಡಿದೆ. ಅಷ್ಟರಲ್ಲಿ ಹಂಡೆ ನೀರು ಒಮ್ಮೆ ಕುದಿದು, ಆರಿ, ಅತ್ತೆ ಮತ್ತೆ ಒಲೆಗೆ ಸೌದೆ ತುರುಕಿದ್ದರು.

ಈಗ ಮೇಲ್ ಹೋಯಿತು. ಗೆದ್ದ ಹುಮ್ಮಸ್ಸಿನಲ್ಲಿ ಔಟ್‌ಬಾಕ್ಸ್ ನೋಡಿದೆ, ಹತ್ತೊಂಬತ್ತು ಮೇಲ್ ಬಿದ್ದಿದ್ದವು. ಪ್ರತೀ ಸಲ ಹೋಗದೆ ಇದ್ದಾಗ ಮಾವ 'ಆಮೇಲೆ ಕಳಿಸು' ಒತ್ತಿದ್ದರು. ಕೇಳಬೇಕಿತ್ತು. ಕೇಳಲಿಲ್ಲ. ಎಲ್ಲ ಕಳಿಸು ಅಂತ ಒತ್ತಿಬಿಟ್ಟೆ.

ದೀಪಾವಳಿಯ ನಸುಕಿನಲ್ಲಿ ಹನ್ನೆರಡು ನೆಂಟರಿಗೆ ಗೌರಿ ಗಣೇಶ ಹಬ್ಬದ ಶುಭಾಶಯ ಹೋಯಿತು. ಗ್ಯಾಸ್ ಏಜೆನ್ಸಿಗೆ ಒಂದೇ ದೂರು ಐದು ಸಲ ಹೋಯಿತು. ಎಲ್‌ಐಸಿಗೊಂದು. ಇನ್ನೊಂದಕ್ಕೆ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಯ ಮೊಬೈಲ್ ಟಿಣ್ ಅಂದಿತು. ಅವಳು ಜೋರಾಗಿ ಓದಿದಳು:

"ಚಿರಂಜೀವಿ ಮಗಳಿಗೆ ಆಶೀರ್ವಾದಗಳು. ನನ್ನ ಮೇಲ್ ಕೆಟ್ಟಿದೆ ಅಂತ ಅಳಿಯಂದಿರಿಗೆ ಮೂರು ಸಲ ಹೇಳಿದೆ. ಅವರಿಗೆ ಈ ಕೆಲಸ ಬರೋದಿಲ್ಲ ಅಂತ ಕಾಣುತ್ತೆ. ಹೇಳಬೇಡ, ಬೇಜಾರು ಮಾಡ್ಕೋತಾರೆ."

ಮಾವ ಬಚ್ಚಲಿನ ಕಡೆ ನೋಡಿದರು.

"ನೀರು ಕಾದಿದೆ ನೋಡಿ, ಮೊದಲು ನೀವೇ ಹೋಗಿ."