ಎಂಟು ಮಿಲಿಮೀಟರಿನ ಮತಭೇದ

ಭಾನುವಾರ ಬೆಳಗಿನ ಐದೂವರೆಗೆ ಕಬ್ಬನ್ ಪಾರ್ಕಿನ ಸುತ್ತಮುತ್ತ ಕಾರು ನಿಲ್ಲಿಸಲು ಜಾಗ ಹುಡುಕುವುದೇ ನಮ್ಮ ಪಾಲಿಗೆ ಮೈ ಬಿಸಿಮಾಡಿಕೊಳ್ಳುವ ಮೊದಲ ವ್ಯಾಯಾಮ. ಹದಿನೈದು ಕಿಲೋಮೀಟರ್ ದೂರದ ಬಡಾವಣೆಗಳಿಂದ ಕಾರಿನಲ್ಲಿ ಬಂದು, ಐದು ಕಿಲೋಮೀಟರ್ ಓಡಿ, ಅದೇ ಕಾರಿನಲ್ಲಿ ಮರಳುವ ಹವ್ಯಾಸಿ ಓಟಗಾರರ ಗುಂಪೊಂದಕ್ಕೆ ನಾನೂ ಸೇರಿ ಮೂರು ವರ್ಷವಾಯಿತು. ಆದುದರಿಂದ ಮುಂದಿನ ಮಾತುಗಳನ್ನು ಹೊರಗೆ ನಿಂತು ನಗುವವನ ನಿಂದೆಯೆಂದು ತಿಳಿಯದೆ, ಒಳಗಿನವನ ತಪ್ಪೊಪ್ಪಿಗೆಯೆಂದು ಓದಬೇಕಾಗಿ ಕೋರುತ್ತೇನೆ. ನಮ್ಮ ಓಟ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಅನಂತರ ಹತ್ತಿರದ ದರ್ಶಿನಿಯಲ್ಲಿ, ನಿಂತೇ ತಿನ್ನುವ ಎತ್ತರದ ಮೇಜಿನ ಸುತ್ತ, ಇಡ್ಲಿ, ವಡೆ ಮತ್ತು ಖಾಲಿ ದೋಸೆಗಳ ಸಮ್ಮುಖದಲ್ಲಿ ಆರಂಭವಾಗುವ ಸಲಹಾಸಭೆ ಎರಡು ಗಂಟೆಗೆ ಕಡಿಮೆಯಿಲ್ಲದೆ ನಡೆಯುತ್ತದೆ. ನಲವತ್ತು ನಿಮಿಷ ಓಡಿ ದಣಿಯುವ ಕಾಲುಗಳು ಎರಡು ಗಂಟೆ ನಿಂತರೂ ದಣಿಯದಿರುವುದು ಹೇಗೆಂಬುದನ್ನು ಕ್ರೀಡಾವೈದ್ಯರು ಯಾರಾದರೂ ಅಧ್ಯಯನ ಮಾಡಬೇಕು.

ಈ ಸಭೆಯ ಅಗ್ರಪೀಠ ಸಲ್ಲುವುದು ಮಂಡಿನೋವಿನ ಕಾರಣ ಹದಿನಾಲ್ಕು ತಿಂಗಳಿಂದ ಓಡದಿರುವ ನಮ್ಮ ಹಿರಿಯ ಸದಸ್ಯರಿಗೆ. ಓಡದಿರುವುದೇ ಅವರ ಅಧಿಕಾರದ ಮೂಲ. ಏಕೆಂದರೆ ಓಡುವವನಿಗೆ ತನ್ನ ಎರಡು ಮಂಡಿಗಳ ವಿಷಯವಷ್ಟೇ ಗೊತ್ತು, ಓಡದೆ ಓದಿದವರಿಗೆ ಲೋಕದ ಮಂಡಿಗಳೆಲ್ಲವೂ ಗೊತ್ತು. ನಮ್ಮ ನಡುವೆ ನಿಜಕ್ಕೂ ವೇಗವಾಗಿ ಓಡುವವನೊಬ್ಬನಿದ್ದಾನೆ. ವಾರವಿಡೀ ಕೊರಿಯರ್ ಹಂಚುವ ಆ ಹುಡುಗ, ನಾವು ಒಂದು ಸುತ್ತು ಮುಗಿಸುವಷ್ಟರಲ್ಲಿ ಎರಡು ಮುಗಿಸಿ, ಬೆವರೊರೆಸಿಕೊಂಡು ನಿಂತಿರುತ್ತಾನೆ. ಅವನ ಸಲಹೆಯನ್ನು ಯಾರೂ ಕೇಳಿದ್ದಿಲ್ಲ. ಒಮ್ಮೆ ನಾನು ಕೇಳಿದಾಗ, "ದಿನಾ ಓಡ್ತೀನಿ ಸಾರ್" ಎಂದಷ್ಟೇ ಹೇಳಿ ಇನ್ನೊಂದು ಸೌಟು ಚಟ್ನಿ ಹಾಕಿಸಿಕೊಂಡ. ಅಷ್ಟು ಚಿಕ್ಕ ಉತ್ತರದಿಂದ ಎರಡು ಗಂಟೆಯ ಸಭೆ ನಡೆಸಲು ಸಾಧ್ಯವೇ?

ಕಳೆದ ವರ್ಷ ನಾನು ಒಂದು ಸಣ್ಣ ಪ್ರಶ್ನೆಯನ್ನು ಈ ಸಭೆಯ ಮುಂದಿಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನ ಕಡೆಯ ಕಾಫಿ ತೋಟಗಳ ನಡುವೆ ನಡೆಯುವ ಟ್ರೇಲ್ ಓಟವೊಂದಕ್ಕೆ, ಅಂದರೆ ಡಾಂಬರು ಬಿಟ್ಟು ಕಾಲುಹಾದಿ ಹಿಡಿಯುವ ಓಟಕ್ಕೆ, ಹಣ ಕಟ್ಟಿ ಹೆಸರು ಕೊಟ್ಟಿದ್ದೆ. ಅದಕ್ಕೆ ಯಾವ ಶೂ ಕೊಳ್ಳಲಿ ಎಂದು ಕೇಳಿದೆ. ಆಗ ಮೇಜಿನ ಸುತ್ತ ಕವಿದ ಮೌನವನ್ನು, ಶ್ರಾದ್ಧದ ದಿನ ಪುರೋಹಿತರ ಮುಂದೆ ಕೂತು ಗೋತ್ರ ಮರೆತುಹೋಯಿತು ಎಂದವನು ಮಾತ್ರ ಊಹಿಸಿಕೊಳ್ಳಬಲ್ಲ.

"ಅದಿರಲಿ, ಮೊದಲು ನಿಮ್ಮ ಡ್ರಾಪ್ ಎಷ್ಟು, ಹೇಳಿ" ಎಂದರು ಹಿರಿಯರು.

ಡ್ರಾಪ್ ಎಂದರೆ ಶೂವಿನೊಳಗೆ ಹಿಮ್ಮಡಿಯು ಮುಂಗಾಲಿಗಿಂತ ಎಷ್ಟು ಎತ್ತರದಲ್ಲಿ ಕೂರುತ್ತದೆ ಎಂಬುದರ ಅಳತೆ. ಹಿಮ್ಮಡಿ ಎಂಟು ಮಿಲಿಮೀಟರಿನಷ್ಟಾದರೂ ಮೇಲಿರಬೇಕು, ಇಲ್ಲವಾದರೆ ಮೀನಖಂಡ ಹರಿದುಹೋಗುತ್ತದೆ ಎನ್ನುವವರು ಒಂದು ಪಂಥ. ಹಿಮ್ಮಡಿಯೂ ಮುಂಗಾಲೂ ಸಮತಟ್ಟಾಗಿರಬೇಕು, ದೇವರು ಕೊಟ್ಟ ಪಾದದಲ್ಲಿ ಡ್ರಾಪ್ ಇಲ್ಲ ಎನ್ನುವ ಶೂನ್ಯವಾದಿಗಳು ಇನ್ನೊಂದು ಪಂಥ. ನಾಲ್ಕು ಮಿಲಿಮೀಟರ್ ಸಾಕು ಎನ್ನುವ ಸಮನ್ವಯವಾದಿಗಳೂ ಇದ್ದಾರೆ. ಸಮನ್ವಯ ಮಾಡಹೊರಟ ಎಲ್ಲರಂತೆ ಇವರನ್ನೂ ಎರಡು ಕಡೆಯವರು ನಂಬುವುದಿಲ್ಲ. ಎಂಟು ಮಿಲಿಮೀಟರ್ ಎಂದರೆ ನಮ್ಮ ಮುಂದಿದ್ದ ಖಾಲಿ ದೋಸೆಯ ದಪ್ಪ. ಆ ದೋಸೆ ತಣ್ಣಗಾಗುವವರೆಗೂ ಅದರ ದಪ್ಪದ ಮೇಲೆ ವಾದ ನಡೆಯಿತು.

ವಾದದ ನಡುವೆ ಇಥಿಯೋಪಿಯಾದ ಅಬೆಬೆ ಬಿಕಿಲಾ ಅವರು ಬಂದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರು ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದದ್ದನ್ನು ಶೂನ್ಯವಾದಿಗಳು ಪ್ರಮಾಣವಾಗಿ ಮುಂದಿಟ್ಟರು. ಎದುರು ಪಕ್ಷದವರು ಕೂಡಲೇ 1964ರ ಟೋಕಿಯೋ ಒಲಿಂಪಿಕ್ಸ್ ತೆಗೆದರು. ಅಲ್ಲಿ ಬಿಕಿಲಾ ಶೂ ತೊಟ್ಟು ಓಡಿ, ಮೊದಲಿಗಿಂತ ಮೂರು ನಿಮಿಷ ಬೇಗ, 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮುಗಿಸಿ, ಮತ್ತೆ ಚಿನ್ನ ಗೆದ್ದಿದ್ದರು. ಒಂದೇ ಸೂತ್ರಕ್ಕೆ ಎರಡು ಭಾಷ್ಯ ಹುಟ್ಟುವುದು ನಮ್ಮ ನೆಲಕ್ಕೆ ಹೊಸದಲ್ಲ. ಆದರೆ ಟೋಕಿಯೋ ಓಟಕ್ಕೆ ಸುಮಾರು ನಲವತ್ತು ದಿನ ಮುಂಚೆ ಅವರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿತ್ತೆಂಬುದನ್ನು ನಾನು ನೆನಪಿಸಿದಾಗ, ಹಾಗಾದರೆ ವೇಗ ಹೆಚ್ಚಲು ಅಪೆಂಡಿಕ್ಸ್ ತೆಗೆಸುವುದೂ ಒಂದು ದಾರಿಯೇ ಎಂದು ಯಾರೂ ವಾದಿಸಲಿಲ್ಲ. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಇದೇ ಕಾರಣಕ್ಕೆ ಶಿವನಾಥ್ ಸಿಂಗ್ ಅವರ ಹೆಸರೂ ಆ ಮೇಜಿನ ಸುತ್ತ ಏಳಲಿಲ್ಲವೆಂದು ತೋರುತ್ತದೆ. ಬರಿಗಾಲ ಓಟಕ್ಕೆ ಹೆಸರಾಗಿದ್ದ ಆ ಸೈನಿಕ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷದಲ್ಲಿ ಮ್ಯಾರಥಾನ್ ಮುಗಿಸಿ ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಲುಗಲಿಲ್ಲ. ಈ ನಾಲ್ಕು ದಶಕಗಳಲ್ಲಿ ಶೂವಿನ ತಳಕ್ಕೆ ಗಾಳಿ ತುಂಬಿದರು, ಜೆಲ್ ತುಂಬಿದರು, ಕಾರ್ಬನ್ ಹಲಗೆ ಇಟ್ಟರು.

ಕಾರ್ಬನ್ ಹಲಗೆಯ ಶೂವಿನ ಬಗ್ಗೆಯೂ ಒಂದು ಮಾತು ಹೇಳಬೇಕು. 2019ರ ಅಕ್ಟೋಬರಿನಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಅವರು ಅಂಥದೇ ದಪ್ಪ ತಳದ ಶೂ ತೊಟ್ಟು ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ ಮೇಲೆ, ಸ್ಪರ್ಧೆಯ ಶೂಗಳ ತಳ 40 ಮಿಲಿಮೀಟರಿಗಿಂತ ದಪ್ಪವಿರಕೂಡದೆಂದು 2020ರ ಆರಂಭದಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ನಿಯಮ ಮಾಡಿತು. ಈ ನಿಯಮ ನಮ್ಮ ಗುಂಪಿನ ಸದಸ್ಯರೊಬ್ಬರ ನಿದ್ದೆ ಕೆಡಿಸಿತು. ಅವರು ಮಗಳ ಕಂಪಾಸ್ ಪೆಟ್ಟಿಗೆಯ ಅಳತೆಪಟ್ಟಿಯಿಂದ ತಮ್ಮ ಶೂವಿನ ತಳವನ್ನು ಮೂರು ಬಾರಿ ಅಳೆದು, ತಾವು ಅನರ್ಹರಾಗುವುದಿಲ್ಲವೆಂದು ಖಚಿತಪಡಿಸಿಕೊಂಡರು. ಹತ್ತು ಕಿಲೋಮೀಟರ್ ಓಡಲು ಅವರು ತೆಗೆದುಕೊಳ್ಳುವುದು ಒಂದು ಗಂಟೆ ಇಪ್ಪತ್ತೆರಡು ನಿಮಿಷ.

ವಿಯೆನ್ನಾದ ಆ ಓಟ ವಿಶ್ವದಾಖಲೆಯ ಲೆಕ್ಕಕ್ಕೆ ಸೇರಲಿಲ್ಲ. ಗಾಳಿ ತಡೆಯಲೆಂದು 41 ಮಂದಿ ವೇಗದ ಜೊತೆಗಾರರು ಪಾಳಿಯ ಮೇಲೆ ಸುತ್ತುವರಿದು ಓಡಿದ್ದರು. ಇದಾದ ನಾಲ್ಕು ತಿಂಗಳಿಗೆ ನಮ್ಮ ಕರಾವಳಿಯ ಐಕಳದಲ್ಲಿ ಶ್ರೀನಿವಾಸ ಗೌಡರು ಕೇವಲ ಇಬ್ಬರು ಜೊತೆಗಾರರೊಂದಿಗೆ, ಅವೂ ಕೋಣಗಳು, ಕೆಸರು ನೀರಿನ ಕಂಬಳದ ಕರೆಯಲ್ಲಿ, ಅಂದರೆ ಓಟದ ಗದ್ದೆಯಲ್ಲಿ, 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಇಡೀ ದೇಶ ಅವರನ್ನು ಉಸೇನ್ ಬೋಲ್ಟ್‌ಗೆ ಹೋಲಿಸಿ ಗದ್ದಲವೆಬ್ಬಿಸಿತು, ಕೇಂದ್ರದ ಕ್ರೀಡಾ ಸಚಿವರು ಪರೀಕ್ಷಾ ಓಟಕ್ಕೆ ಆಹ್ವಾನಿಸಿದರು, ಆದರೆ ಗೌಡರು ಕಂಬಳದ ಓಟವೇ ಬೇರೆ ಟ್ರ್ಯಾಕಿನ ಓಟವೇ ಬೇರೆ ಎಂದು ವಿನಯದಿಂದ ಹಿಂದೆ ಸರಿದರು. ತನ್ನ ಓಟ ಯಾವುದು, ಯಾವುದಲ್ಲ ಎಂದು ಇಷ್ಟು ಸ್ಪಷ್ಟವಾಗಿ ತಿಳಿದಿದ್ದ ಓಟಗಾರನನ್ನು ನಾನು ಬೇರೆ ನೋಡಿಲ್ಲ. ನಮ್ಮ ಸಭೆ ಅಂದು ಚರ್ಚಿಸಿದ್ದು ಮಾತ್ರ ಕೆಸರಿನಲ್ಲಿ ಹಿಡಿತಕ್ಕೆ ಶೂವಿನ ತಳದಲ್ಲಿ ಎಷ್ಟು ಮಿಲಿಮೀಟರಿನ ಹಲ್ಲುಗಳು ಬೇಕು ಎಂಬುದನ್ನು. ಅವರು ಬರಿಗಾಲಲ್ಲಿದ್ದರು ಎಂದು ಕೊರಿಯರ್ ಹುಡುಗ ಹೇಳಿದ್ದು ಕಾಫಿ ಲೋಟಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ತರಬೇತಿಯ ಸಲಹೆಗಳನ್ನು ಇಲ್ಲಿ ವಿವರಿಸಹೋದರೆ ಪತ್ರಿಕೆ ಸಾಲದು. 220ರಲ್ಲಿ ವಯಸ್ಸು ಕಳೆದರೆ ಹೃದಯದ ಗರಿಷ್ಠ ಬಡಿತ ಸಿಗುತ್ತದೆ, ಅದರ ಇಂತಿಷ್ಟು ಪಾಲಿನಲ್ಲಿ, ಅಂದರೆ ಮಾತಾಡುತ್ತಲೇ ಓಡಬಹುದಾದ ಎರಡನೆಯ ವಲಯದಲ್ಲಿ, ಓಡಬೇಕು ಎಂಬುದು ಮೊದಲ ಆಜ್ಞೆ. ಎಪ್ಪತ್ತರ ದಶಕದ ಆರಂಭದಲ್ಲಿ ಚದುರಿದ ಅಂಕಿಗಳ ನಡುವೆ ಎಳೆದ ಅಂದಾಜಿನ ಗೆರೆಯೊಂದು ಇಂದು ಮಣಿಕಟ್ಟಿನ ಗಡಿಯಾರದೊಳಗೆ ಕುಳಿತು, ನನ್ನ ನೆರೆಯವರನ್ನು ಓಟದ ನಡುವೆ ನಿಲ್ಲಿಸಿ ನಡೆಸುತ್ತದೆ. ನಿಮಿಷಕ್ಕೆ 180 ಹೆಜ್ಜೆ ಬೀಳಲೇಬೇಕು ಎಂಬುದು ಇನ್ನೊಂದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತರಬೇತುದಾರರೊಬ್ಬರು ಎಣಿಸಿದ ಆ ಹೆಜ್ಜೆಗಳು ಲೋಕದ ಅತಿವೇಗದ ಕಾಲುಗಳವು ಎಂಬುದನ್ನು ಮರೆತು, ಐವತ್ತೆರಡರ ಪ್ರಾಯದ ಲೆಕ್ಕಪರಿಶೋಧಕರೊಬ್ಬರು ಬಿಸಿ ಕಾವಲಿಯ ಮೇಲೆ ನಿಂತವರಂತೆ ನಿಂತಲ್ಲೇ ಕುಣಿಯುವುದನ್ನು ನೀವೂ ಕಬ್ಬನ್ ಪಾರ್ಕಿನಲ್ಲಿ ನೋಡಿರಬಹುದು. ಗಡಿಯಾರದಲ್ಲಿ 9.96 ಕಿ.ಮೀ. ಕಂಡವರು ಅದನ್ನು ಹತ್ತು ಮಾಡಲೆಂದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಇದಕ್ಕೆ ನಾನು ನಗುವುದಿಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ವಿಂಡ್ಸರ್ ಅರಮನೆಯಿಂದ ಹೊರಟು ರಾಜಮನೆತನದ ಆಸನಗಳ ಮುಂದೆ ಮುಗಿಯಲೆಂದು ಹೊಂದಿಸಿದ 42.195 ಕಿ.ಮೀ. ದೂರವೇ ಇಂದಿಗೂ ಮ್ಯಾರಥಾನ್ ಆಗಿ ಉಳಿದಿರುವಾಗ, ಒಬ್ಬ ಬಡಪಾಯಿ ತನ್ನ ಕಾರಿನ ಅನುಕೂಲಕ್ಕೆ ನಲವತ್ತು ಮೀಟರ್ ಹೊಂದಿಸಿಕೊಂಡರೆ ತಪ್ಪೇನು? ಅಷ್ಟಕ್ಕೂ, ಶಾಸಕರು ಹಸಿರು ಬಾವುಟ ಬೀಸುವ ಮೂರು ಕಿಲೋಮೀಟರಿನ ಜಾಗೃತಿ ಜಾಥಾವನ್ನೂ ನಮ್ಮಲ್ಲಿ ಮ್ಯಾರಥಾನ್ ಎಂದೇ ಕರೆಯುವ ರೂಢಿಯಿದೆ.

ಶೂವಿನ ವಿಚಾರಕ್ಕೆ ಮರಳುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ಈಗ ಹಳತಾಗಿದೆ; ಡೊಂಕು ನೆಲಕ್ಕೊಂದು, ಜಾರುವ ನೆಲಕ್ಕೊಂದು, ಕಲ್ಲು ನೆಲಕ್ಕೊಂದು ಶೂ ಮಾಡಿಟ್ಟು ಅಂಗಡಿಯವರು ಆ ನೆಪವನ್ನೂ ಕಿತ್ತುಕೊಂಡಿದ್ದಾರೆ. ಮಲೆನಾಡಿನ ಕೆಸರಿಗೆ ಐದು ಮಿಲಿಮೀಟರ್ ಹಲ್ಲು ಬೇಕೆಂದು ಒಬ್ಬರು, ಕೆಸರು ಕಳೆದು ಕಲ್ಲುಹಾದಿ ಬಂದಾಗ ಅದೇ ಹಲ್ಲು ಕಾಲು ತಿರುಚುತ್ತದೆಂದು ಇನ್ನೊಬ್ಬರು ಹೇಳಿದರು. ನೀರು ಒಳಗೆ ಬಾರದ ಬಟ್ಟೆಯ ಶೂ ಕೊಳ್ಳಿ ಎಂದರು. ಹಳ್ಳ ದಾಟುವಾಗ ಮೇಲಿನಿಂದ ಒಳನುಗ್ಗಿದ ನೀರು ಅಂಥ ಶೂವಿನಿಂದ ಹೊರಗೂ ಹೋಗುವುದಿಲ್ಲ ಎಂದೂ ಅವರೇ ಹೇಳಿದರು. ಇಳಿಜಾರಿನಲ್ಲಿ ಉಗುರು ಕಪ್ಪಾಗದಿರಲು ಅರ್ಧ ಅಳತೆ ದೊಡ್ಡದಿರಲಿ, ಕಾಲು ಒಳಗೇ ಜಾರದಿರಲು ಅರ್ಧ ಅಳತೆ ಚಿಕ್ಕದಿರಲಿ. ಹಾದಿಯಲ್ಲಿ ತಿನ್ನಲು ವಿದೇಶದ ಜೆಲ್ ಪೊಟ್ಟಣಗಳನ್ನು ಶಿಫಾರಸು ಮಾಡಿದರು. ಒಂದು ಪೊಟ್ಟಣದ ಸಕ್ಕರೆ ಹೆಚ್ಚುಕಡಿಮೆ ಒಂದು ಬಾಳೆಹಣ್ಣಿನಷ್ಟೇ ಇದ್ದರೂ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಮುದ್ರಿತ ಸೂಚನೆಗಳಿರುವುದಿಲ್ಲವಲ್ಲ. ಇಂಬಳಗಳಿಗೆ ಏನು ಮಾಡುವುದೆಂಬ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ, ಏಕೆಂದರೆ ಸಭೆಯಲ್ಲಿ ಯಾರೂ ಮಳೆಗಾಲದಲ್ಲಿ ಮಲೆನಾಡಿಗೆ ಹೋಗಿರಲಿಲ್ಲ.

ಕೊನೆಗೆ ಹದಿಮೂರು ಸಾವಿರ ರೂಪಾಯಿ ತೆತ್ತು, ನಾಲ್ಕು ಮಿಲಿಮೀಟರ್ ಡ್ರಾಪಿನ, ಐದು ಮಿಲಿಮೀಟರ್ ಹಲ್ಲಿನ, ಅರಿಶಿನ ಬಣ್ಣದ ಶೂ ಕೊಂಡು ಹೊರಟೆ. ಸ್ಪರ್ಧೆಯ ದಿನ ಹೊಸದೇನನ್ನೂ ತೊಡಬಾರದು ಎಂಬ ಸಲಹೆ ಬಂದದ್ದು ಹಿಂದಿನ ರಾತ್ರಿ. ಮೊದಲ ಆರು ಕಿಲೋಮೀಟರ್ ನಾನು ಓಡಿದೆ. ಏಳನೆಯದರಲ್ಲಿ, ಕಾಫಿ ಗಿಡಗಳ ನಡುವಿನ ಇಳಿಜಾರಿನಲ್ಲಿ, ಐದು ಮಿಲಿಮೀಟರಿನ ಹಲ್ಲುಗಳ ಸಂದಿಯೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ತಳ ದೋಸೆಯ ಕಾವಲಿಯಂತೆ ನುಣ್ಣಗಾಗಿದ್ದುದರಿಂದ, ಕುಳಿತ ಭಂಗಿಯಲ್ಲೇ ಒಂದಷ್ಟು ದೂರ ಕ್ರಮಿಸಿದೆ. ಗಡಿಯಾರ ಅದನ್ನು ನನ್ನ ಅತ್ಯುತ್ತಮ ವೇಗವೆಂದು ದಾಖಲಿಸಿ ಅಭಿನಂದಿಸಿತು.

ಎದ್ದು ಕಾಲ್ಚೀಲದೊಳಗಿನ ಇಂಬಳ ಕೀಳುತ್ತಿದ್ದಾಗ, ತಲೆಯ ಮೇಲೆ ಸೌದೆ ಹೊರೆ ಹೊತ್ತ ತೋಟದ ಕೆಲಸದ ಹೆಂಗಸೊಬ್ಬರು ಹವಾಯಿ ಚಪ್ಪಲಿಯಲ್ಲಿ ಅದೇ ಇಳಿಜಾರನ್ನು ಇಳಿದು ಬಂದು ನಿಂತರು. ಹೊಗೆಸೊಪ್ಪು, ಸುಣ್ಣ ತಿಕ್ಕಿದ ಅವರ ಕಾಲುಗಳ ಹತ್ತಿರ ಇಂಬಳ ಸುಳಿದಿರಲಿಲ್ಲ. ಸೊಂಟದ ಎಲೆಯಡಿಕೆ ಸಂಚಿಯಿಂದ ಚೂರು ಹೊಗೆಸೊಪ್ಪು ತೆಗೆದು ನನಗೂ ಕೊಟ್ಟು ಕೇಳಿದರು:

"ಓಡಿದ್ರೆ ಎಷ್ಟು ಕೊಡ್ತಾರೆ ಸಾರ್?"

"ಅವರೇನೂ ಕೊಡಲ್ಲಮ್ಮ, ನಾವೇ ದುಡ್ಡು ಕಟ್ಟಿ ಓಡೋದು."

ಅವರು ಹೊರೆಯನ್ನು ಸರಿಮಾಡಿಕೊಂಡು ಸ್ವಲ್ಪ ಯೋಚಿಸಿದರು. "ಹಂಗಾರೆ ಮೆಲ್ಲಗೆ ಹೋಗಿ ಸಾರ್. ದುಡ್ಡು ಕೊಟ್ಟು ಬೇಗ ಮುಗಿಸಿದ್ರೆ ನಿಮಗೇ ಲುಕ್ಸಾನು" ಎಂದು ಹೇಳಿ, ತಿರುವಿನಲ್ಲಿ ಮರೆಯಾದರು. ನಾನು ಅವರ ಮಾತಿನಂತೆಯೇ ನಡೆದು, ಕಟ್ಟಿದ ಹಣಕ್ಕೆ ಮೋಸವಾಗದಂತೆ, ನಿಗದಿತ ಅವಧಿ ಮುಗಿಯಲು ಒಂಬತ್ತು ನಿಮಿಷ ಇರುವಾಗ ಗುರಿ ಸೇರಿದೆ.

ಮುಂದಿನ ಭಾನುವಾರ ದರ್ಶಿನಿಯ ಮೇಜಿನ ಮುಂದೆ ಈ ಪ್ರಸಂಗವನ್ನು ಯಥಾವತ್ತಾಗಿ ನಿವೇದಿಸಿದೆ. ಸಭೆ ಗಂಭೀರವಾಗಿ ಆಲಿಸಿತು. ಮೆಲ್ಲಗೆ ಎಂದರೆ ಎರಡನೆಯ ವಲಯವೋ ಒಂದನೆಯದೋ ಎಂಬ ವಿಷಯದಲ್ಲಿ ಕೊಂಚ ಹೊತ್ತು ಭಿನ್ನಾಭಿಪ್ರಾಯ ತಲೆದೋರಿತು. ಅನಂತರ ಹಿರಿಯರು ಸಾಂಬಾರಿನಲ್ಲಿ ಅದ್ದಿದ ವಡೆಯನ್ನು ತಟ್ಟೆಗಿಟ್ಟು, ಆಕೆಯ ಚಪ್ಪಲಿಯ ಡ್ರಾಪ್ ಎಷ್ಟಿತ್ತು ಎಂದು ಕೇಳಿದರು. ಗಮನಿಸಲಿಲ್ಲ ಎಂದೆ. ಹಾಗಿದ್ದರೆ ಈ ಅನುಭವದಿಂದ ಏನನ್ನೂ ಹೇಳಲು ಬರುವುದಿಲ್ಲ ಎಂದು ತೀರ್ಮಾನವಾಗಿ, ಎರಡನೆಯ ಸುತ್ತಿನ ಕಾಫಿ ಬಂತು.