ಮುಳುಗಿದ್ದರೇ ಬದುಕುವ ಮೋಟರು

ಬೆಳಗ್ಗೆ ಎದ್ದು ಪೇಪರ್ ಕೈಗೆ ಬಂದ ಕೂಡಲೇ ನಾನು ಮೊದಲು ಹುಡುಕುವುದು ಕೆ.ಆರ್.ಎಸ್. ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನನ್ನ ಹೆಸರಲ್ಲಿ ಒಂದು ಗುಂಟೆ ಗದ್ದೆಯಿಲ್ಲ. ಇರುವುದೆಲ್ಲ ಅಪ್ಪನ ಹೆಸರಲ್ಲಿ, ಊರಲ್ಲಿ. ಆದರೂ ನೀರು ಅರ್ಧ ಅಡಿ ಇಳಿದರೆ ನನ್ನ ಮುಖವೂ ಇಳಿಯುತ್ತದೆ. ಮಂಡ್ಯದಲ್ಲಿ ಹುಟ್ಟಿದವರಿಗೆ ಇದು ಬಿಟ್ಟುಹೋಗುವ ಚಾಳಿಯಲ್ಲ.

ಇಂಥ ನಾನು ನನ್ನ ಕಾರಿನ ಪೆಟ್ರೋಲ್ ಮುಳ್ಳನ್ನು ಹದಿನೈದು ವರ್ಷ ಕಣ್ಣೆತ್ತಿ ನೋಡಿದ್ದಿಲ್ಲ. ಬಂಕಿಗೆ ಹೋದರೆ ನನ್ನ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ, 'ಇನ್ನೂರು ರೂಪಾಯಿಗೆ ಹಾಕಪ್ಪ'. ಮೊದಲೆಲ್ಲ ಇನ್ನೂರಕ್ಕೆ ಮೂರು ಲೀಟರ್ ಬರುತ್ತಿತ್ತು. ಈಗ ಎರಡು ಲೀಟರಿಗೂ ಕಮ್ಮಿ. ರೇಟು ಏರಿತು, ನನ್ನ ಇನ್ನೂರು ಮಾತ್ರ ಏರಲಿಲ್ಲ. ಕೆಂಪು ದೀಪ ಹತ್ತಿದ ಮೇಲೂ ಇನ್ನೂ ಮೂವತ್ತು ಕಿಲೋಮೀಟರ್ ಓಡುತ್ತೆ ಅಂತ ಪಕ್ಕದಲ್ಲಿ ಕೂತವರ ಹತ್ತಿರ ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದೆ.

ಏಪ್ರಿಲ್ ಮಧ್ಯಾಹ್ನ ಮೈಸೂರಿಗೆ ಹೊರಟವನ ಕಾರು ಶ್ರೀರಂಗಪಟ್ಟಣದ ಹತ್ತಿರ ನಿಂತಿತು. ಕೆಮ್ಮಲಿಲ್ಲ, ಜಗ್ಗಲಿಲ್ಲ, ಸುಮ್ನೆ ನಿಂತಿತು. ಕೀ ತಿರುಗಿಸಿದರೆ ಎಂಜಿನ್ ಚಕ್ ಚಕ್ ಅಂತ ಸುತ್ತುತ್ತದೆ, ಹೊತ್ತಿಕೊಳ್ಳುವುದಿಲ್ಲ. ಹುಣಸೇ ಮರದ ನೆರಳಲ್ಲಿ ಅರ್ಧ ಗಂಟೆ ಕೂತು ಎರಡು ಎಳನೀರು ಕುಡಿದು ಮತ್ತೆ ಕೀ ತಿರುಗಿಸಿದೆ. ಏನೂ ಆಗಿಲ್ಲ ಅನ್ನೋ ಹಾಗೆ ಹೊರಟಿತು. ಆ ವಾರದಲ್ಲಿ ಹೀಗೆ ಮೂರು ಸಲ ಆಯಿತು. ನಾಲ್ಕನೇ ಸಲ ಮನೆ ಮುಂದೆಯೇ ಮಲಗಿತು. ಮನೆ ಮುಂದೆ ಮಲಗಿದ್ದು ಅದರ ದೊಡ್ಡಗುಣ.

ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. 'ಸಾರ್, ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಹಿಂದಿನ ಸೀಟಿನ ಹತ್ತಿರ ಕಿವಿ ಇಡಿ. ಝುಂಯ್ ಅಂತ ಸದ್ದು ಬರ್ತದಾ?' ಅಂದರು. ಹದಿನೈದು ವರ್ಷದಿಂದ ನನ್ನ ಕಾರು ಪ್ರತಿ ಬೆಳಗ್ಗೆ ಎರಡು ಸೆಕೆಂಡು ಝುಂಯ್ ಅನ್ನುತ್ತಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು. 'ಆ ಸದ್ದು ನಿಂತು ನಾಲ್ಕು ದಿನ ಆಯ್ತಲ್ವಾ' ಅಂದಳು. ಫ್ಯೂಸ್ ಸರಿಯಿತ್ತು. ಹಾರ್ನಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಅದನ್ನು ಕಿತ್ತು ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪಿನ ರಿಲೇ ಜಾಗಕ್ಕೆ ಹಾಕಿ ನೋಡಿದ್ದೂ ಆಯಿತು. ಕೊನೆಗೆ ಮೆಕ್ಯಾನಿಕ್, ಟ್ಯಾಂಕಿನ ತಳಕ್ಕೆ ರಬ್ಬರ್ ಚಪ್ಪಲಿಯಲ್ಲಿ ನಾಲ್ಕು ಏಟು ಕೊಟ್ಟು ನೋಡಿ ಅಂದರು. ಕೊಟ್ಟೆ. ಝುಂಯ್! ಕಾರು ಸ್ಟಾರ್ಟ್ ಆಯಿತು. ನಾನು ಖುಷಿಯಿಂದ ಕೂಗಿದರೆ ಆ ಕಡೆಯಿಂದ ತಣ್ಣಗೆ ಉತ್ತರ ಬಂತು: 'ಹಂಗಾದ್ರೆ ಮೋಟರ್ ಹೋಗಿದೆ ಸಾರ್. ಒಳಗೆ ತಿರುಗೋ ಭಾಗಕ್ಕೆ ಕರೆಂಟ್ ಕೊಡೋ ಬ್ರಷ್ ಸವೆದಿರುತ್ತೆ.' ಚಪ್ಪಲಿ ಏಟಿಗೆ ಮಾತ್ರ ಏಳುವವನನ್ನು ನಂಬಿ ದೂರ ಹೋಗೋಕಾಗುತ್ತಾ?

ಗ್ಯಾರೇಜಿನಲ್ಲಿ ಒಂದು ವಾರ ಬಿಟ್ಟು ತನ್ನಿ ಅಂದರು. ಆ ವಾರ ಅಪ್ಪ ಊರಿಂದ ಬಂದಿದ್ದರು. ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲೇ ಮುಳುಗಿಕೊಂಡು ಒಂದು ಕರೆಂಟ್ ಮೋಟರ್ ಇರುತ್ತದೆ, ಅದು ಕೆಟ್ಟಿದೆ ಅಂತ ಅವರಿಗೆ ವಿವರಿಸಿದೆ. ಅಪ್ಪ ಒಂದು ನಿಮಿಷ ಯೋಚನೆ ಮಾಡಿದರು.

'ನಮ್ ಬೋರ್ ಮೋಟ್ರು ಕಣ್ಲಾ ಇದು. ಎತ್ತುದ್ರಾಯ್ತದೆ.'

ಆಮೇಲೆ ಇನ್ನೊಂದು ಮಾತು ಸೇರಿಸಿದರು: 'ಒಣಗ್ ಓಡ್ಸಿರ್ತೀಯ, ಸುಟ್ಟೋಗದೆ.'

ನಾನು ಎರಡು ದಿನ ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡದ್ದನ್ನು ಅವರು ತಂಬಾಕು ತಿಕ್ಕುತ್ತಾ ಹೇಳಿ ಮುಗಿಸಿದ್ದರು. ಬೋರ್‌ವೆಲ್ಲಿನ ಮೋಟರನ್ನು ತಣ್ಣಗಿಡುವುದು ಸುತ್ತಲಿನ ನೀರು. ಕಾರಿನ ಪಂಪನ್ನು ತಣ್ಣಗಿಡುವುದು ಸುತ್ತಲಿನ ಮತ್ತು ಒಳಗೆ ಹರಿಯುವ ಪೆಟ್ರೋಲು. ಅದರ ಜಾರುಎಣ್ಣೆಯೂ ಅದೇ. ಟ್ಯಾಂಕು ಕಾಲು ಭಾಗಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ ಅಂತ ಬಲ್ಲವರು ಹೇಳುವುದು ಇದಕ್ಕೇ. ನಾನು ಅದನ್ನು ಹದಿನೈದು ವರ್ಷ ಕೆಸರಲ್ಲಿ ಓಡಿಸಿದ್ದೆ. ಅಣೆಕಟ್ಟೆಯ ತಳ ಕಂಡರೆ ಸಂಕಟಪಡುವ ಮನುಷ್ಯ ನಾನು.

ಅದನ್ನು ಟ್ಯಾಂಕಿನೊಳಗೇ ಯಾಕೆ ಇಟ್ಟರು ಅನ್ನುವುದಕ್ಕೂ ಅಪ್ಪನ ಹತ್ತಿರ ಉತ್ತರ ಇತ್ತು. ತೆರೆದ ಬಾವಿಯ ಕಾಲದಲ್ಲಿ ಮೇಲಿಟ್ಟ ಮೋಟರು ಇಪ್ಪತ್ತೈದು ಅಡಿಗಿಂತ ಕೆಳಗಿನ ನೀರನ್ನು ಎಳೆಯುತ್ತಿರಲಿಲ್ಲ. ನೀರು ಇಳಿದ ಹಾಗೆಲ್ಲ ಬಾವಿಯೊಳಗೆ ಕಟ್ಟೆ ಕಟ್ಟಿ ಮೋಟರನ್ನೂ ಇಳಿಸುತ್ತಿದ್ದರು. ಕೆಳಗಿಂದ ತಳ್ಳುವುದು ಸುಲಭ, ಮೇಲಿಂದ ಎಳೆಯುವುದು ಕಷ್ಟ. ಪೆಟ್ರೋಲಿನ ವಿಷಯದಲ್ಲಿ ಇನ್ನೂ ಕಷ್ಟ. ಬಿಸಿಯಾದಾಗ ಎಳೆಯಲು ಹೋದರೆ ಪೈಪಿನಲ್ಲೇ ಕುದ್ದು ಆವಿಯಾಗುತ್ತದೆ. ಹಳೇ ಕಾರ್ಬುರೇಟರ್ ಕಾರುಗಳು ಬೇಸಿಗೆಯಲ್ಲಿ ನಿಂತುಬಿಡುತ್ತಿದ್ದದ್ದು ಎಷ್ಟೋ ಸಲ ಹೀಗೆ. ಆಗ ಪೈಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು, ನೆನಪಿದೆಯಾ?

ನನಗೆ ಇದ್ದ ಹೆದರಿಕೆ ಬೇರೆ. ಬ್ರಷ್ ಇರುವ ಮೋಟರು ಅಂದ ಮೇಲೆ ಕಿಡಿ ಹಾರುತ್ತದೆ. ಪೆಟ್ರೋಲಿನ ಮಧ್ಯೆ ಕಿಡಿ ಹಾರಿಸುವ ಮೋಟರನ್ನು ಇಟ್ಟು, ಅದರ ಮೇಲೆ ಸೀಟು ಹಾಕಿ, ಸೀಟಿನ ಮೇಲೆ ಮಕ್ಕಳನ್ನು ಕೂರಿಸಿ ಇಷ್ಟು ವರ್ಷ ಓಡಾಡಿದೆನಲ್ಲ! ಆದರೆ ಬೆಂಕಿಗೆ ಗಾಳಿಯೂ ಬೇಕು. ಮೋಟರಿನ ಒಳಗೆಲ್ಲ ಪೆಟ್ರೋಲೇ ತುಂಬಿರುತ್ತದೆ, ಗಾಳಿಗೆ ಜಾಗವಿಲ್ಲ. ಟ್ಯಾಂಕಿನ ಮೇಲ್ಭಾಗದ ಖಾಲಿ ಜಾಗದಲ್ಲಿ ಪೆಟ್ರೋಲ್ ಆವಿ ಎಷ್ಟು ದಟ್ಟ ಅಂದರೆ ಅದೂ ಹೊತ್ತುವುದಿಲ್ಲ. ಗಾಳಿಯಲ್ಲಿ ಪೆಟ್ರೋಲ್ ಆವಿ ಹೆಚ್ಚುಕಮ್ಮಿ 1.4ರಿಂದ 7.6 ಶೇಕಡಾ ಇದ್ದರೆ ಮಾತ್ರ ಬೆಂಕಿ. ಅಂದರೆ ಟ್ಯಾಂಕ್ ಮುಚ್ಚಿದ್ದಾಗಲ್ಲ, ಮುಚ್ಚಳ ತೆಗೆದು ಆವಿ ಹೊರಗಿನ ಗಾಳಿಗೆ ಬೆರೆತಾಗಲೇ ನಿಜವಾದ ಅಪಾಯ. ಅದು ಗಾಳಿಗಿಂತ ಭಾರ ಬೇರೆ. ಮೇಲೆ ಹಾರಿಹೋಗದೆ ನೆಲ ಹಿಡಿದು ಹಾವಿನ ಹಾಗೆ ಹರಿಯುತ್ತದೆ.

ಪಂಪನ್ನು ನಾವೇ ಎತ್ತುವುದು ಅಂತ ಆಗಿತ್ತು. ಇದನ್ನು ಓದಿದ ಮೇಲೆ ನಾನು ಮನೆಯಲ್ಲಿ ಕಾನೂನು ಮಾಡಿದೆ. ಕಾರು ಅಂಗಳದ ಬಯಲಲ್ಲಿ, ಶೆಡ್ಡಿನೊಳಗೆ ಬೇಡ. ಕೆಲಸ ಮುಗಿಯುವ ತನಕ ಒಲೆ ಇಲ್ಲ, ದೀಪ ಇಲ್ಲ, ಊದುಬತ್ತಿ ಇಲ್ಲ. ಅವತ್ತು ಶುಕ್ರವಾರ. ಊದುಬತ್ತಿ ಹಚ್ಚದ ಶುಕ್ರವಾರ ನಮ್ಮ ಮನೆಯಲ್ಲಿ ಅದೇ ಮೊದಲು. 'ದೇವರು ಕಾಯಲಿ ಅಂತ ಕೇಳೋಕಾದ್ರೂ ಒಂದು ಕಡ್ಡಿ ಹಚ್ಚಬೇಕಲ್ವಾ' ಅಂದಳು ಹೆಂಡತಿ. ತರ್ಕ ಸರಿಯಾಗೇ ಇತ್ತು. ತಿಂಡಿ ಹೋಟೆಲಿನಿಂದ ಬಂತು. ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎರವಲು ತಂದು ಮಗಳ ಕೈಗೆ ಕೊಟ್ಟೆ. ಅವಳು ಅದನ್ನು ದಸರಾ ಮೆರವಣಿಗೆಯ ಪೊಲೀಸಿನ ಹಾಗೆ ಹಿಡಿದು ನಿಂತಳು.

ಪಂಪಿನಿಂದ ಹೊರಟ ಪೈಪಿನಲ್ಲಿ ಒತ್ತಡ ಸುಮಾರು 3 ಬಾರ್, ಟೈರಿಗೆ ಹಾಕಿಸುವ ಗಾಳಿಯ ಒಂದೂವರೆ ಪಟ್ಟು. ಹಾಗೇ ಬಿಚ್ಚಿದರೆ ಮುಖಕ್ಕೆ ಪೆಟ್ರೋಲ್ ಅಭಿಷೇಕ. ಅದಕ್ಕೆ ಕೊನೆಯ ಸಲ ಚಪ್ಪಲಿ ಏಟು ಕೊಟ್ಟು ಎಂಜಿನ್ ಎಬ್ಬಿಸಿ, ಓಡುತ್ತಿರುವಾಗಲೇ ಪಂಪಿನ ರಿಲೇ ಕಿತ್ತೆ. ಪೈಪಿನಲ್ಲಿದ್ದದ್ದನ್ನು ಕುಡಿದು ಮುಗಿಸಿ ತಾನೇ ಆರಿತು. ಆಮೇಲೆ ಬ್ಯಾಟರಿಯ ಮೈನಸ್ ವೈರ್ ತೆಗೆದು ಹಿಂದಿನ ಸೀಟಿಗೆ ಕೈ ಹಾಕಿದೆ.

ಕಾರಿನ ಹಿಂದಿನ ಸೀಟು ಎತ್ತಿ ನೋಡಿದ್ದೀರಾ? ನೋಡಬೇಕು. ನಮ್ಮ ಮನೆಯ ಹದಿನೈದು ವರ್ಷ ಅಲ್ಲಿ ಪದರ ಪದರವಾಗಿ ಕೂತಿತ್ತು. ಮೇಲೆ ಮೊನ್ನೆ ಮೊನ್ನೆಯ ಕಡಲೆಕಾಯಿ ಸಿಪ್ಪೆ. ಅದರ ಕೆಳಗೆ ಮಗನ ರಬ್ಬರು, ಮಗಳ ಮೂರು ಹೇರ್‌ಕ್ಲಿಪ್ಪು, ಯಾವುದೋ ಮದುವೆಯ ಅಕ್ಷತೆ. ಇನ್ನೂ ಕೆಳಗೆ ನಾಲ್ಕಾಣೆ. ನಾಲ್ಕಾಣೆ ನಡೆಯುವುದು ನಿಂತದ್ದೇ 2011ರಲ್ಲಿ, ಅಂದರೆ ಅದಕ್ಕೂ ಮೊದಲಿನ ಪದರ. ಮದ್ದೂರು ವಡೆಯ ಒಂದು ಚೂರು ಕಲ್ಲಾಗಿ ಕೂತಿತ್ತು. ಹೆಂಡತಿಯ ಒಂಟಿ ಓಲೆ ಸಿಕ್ಕಿತು. ಅದನ್ನು ಮೈಸೂರಿನ ಚಾಮುಂಡಿಬೆಟ್ಟದಲ್ಲಿ ಕಳಕೊಂಡೆ ಅಂತ ಅವಳು ಅತ್ತು, ನಾನು ಇನ್ನೊಂದು ಜೊತೆ ಕೊಡಿಸಿದ್ದೆ. ಈಗ ಅವಳು ಓಲೆಯನ್ನು ಒರೆಸಿಕೊಂಡು ಏನೂ ಮಾತಾಡದೆ ಒಳಗೆ ಹೋದಳು. ಪಂಪಿನ ಕೆಲಸ ಅಲ್ಲಿಗೆ ಇಪ್ಪತ್ತು ನಿಮಿಷ ತಡವಾಯಿತು.

ಸೀಟಿನ ಕೆಳಗೆ ಒಂದು ತಗಡಿನ ಮುಚ್ಚಳ, ಅದರ ಕೆಳಗೆ ಪಂಪಿನ ತಲೆ. (ಎಲ್ಲ ಕಾರಿಗೂ ಈ ಭಾಗ್ಯವಿಲ್ಲ. ಕೆಲವಕ್ಕೆ ಟ್ಯಾಂಕನ್ನೇ ಕೆಳಗೆ ಇಳಿಸಬೇಕು. ನನ್ನದು ಹಾಗಿದ್ದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.) ಸುತ್ತಲೂ ಎರಡು ಬೆರಳು ಧೂಳು. ಅದನ್ನು ಬ್ರಷ್ಷಿನಲ್ಲಿ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೇ ತೆರೆಯಬೇಕು. ಇಲ್ಲದಿದ್ದರೆ ಎಲ್ಲ ಟ್ಯಾಂಕಿಗೆ ಬೀಳುತ್ತದೆ. ಪ್ಲಾಸ್ಟಿಕ್ಕಿನ ದೊಡ್ಡ ಬಳೆಯೊಂದು ಪಂಪನ್ನು ಹಿಡಿದಿತ್ತು. ಜಪ್ಪಯ್ಯ ಅಂದರೂ ತಿರುಗಲಿಲ್ಲ. ನಾನು ಕಬ್ಬಿಣದ ಉಳಿ ಎತ್ತಿಕೊಂಡೆ. ಅಪ್ಪ ಕೈ ಹಿಡಿದರು, 'ಕಿಡಿ ಗಿಡಿ ಹಾರ್ಸಿಯೆ.' ಅಡುಗೆಮನೆಯಿಂದ ಮುದ್ದೆ ಕೋಲು ತಂದು ಬಳೆಯ ಹಲ್ಲಿಗೆ ಆನಿಸಿ, ಮರದ ತುಂಡಿನಲ್ಲಿ ಸಣ್ಣಗೆ ತಟ್ಟುತ್ತಾ ಹೋದರು. ಏಳನೆಯದೋ ಎಂಟನೆಯದೋ ಪೆಟ್ಟಿಗೆ ಕದಲಿತು.

ಆಮೇಲೆ ಎತ್ತುವ ಸಂಭ್ರಮ. ಊರಲ್ಲಿ ಬೋರ್ ಮೋಟರ್ ಎತ್ತುವುದೆಂದರೆ ಮುಕ್ಕಾಲಿ, ಚೈನು, ಹತ್ತು ಜನ, ಎಲ್ಲರಿಗೂ ಕಾಫಿ. ಇಲ್ಲಿ ಒಂದೇ ಕೈ ಸಾಕು. ಆದರೆ ಅಡ್ಡಲಾಗಿ ವಾಲಿಸಿ, ನಿಧಾನಕ್ಕೆ. ಪೆಟ್ರೋಲ್ ಎಷ್ಟಿದೆ ಅಂತ ಹೇಳುವ ತೇಲುಬುರುಡೆಯ ಕಡ್ಡಿ ಅದಕ್ಕೇ ಅಂಟಿಕೊಂಡಿರುತ್ತದೆ. ಬಗ್ಗಿದರೆ ಮುಳ್ಳು ಜೀವನಪೂರ್ತಿ ಸುಳ್ಳು ಹೇಳುತ್ತದೆ. ಹೊರಗೆ ಬಂದದ್ದನ್ನು ನೋಡಿ ಬೇಜಾರಾಯಿತು. ತುದಿಯ ಜರಡಿ ಚೀಲ ಮೊದಲು ಬೆಳ್ಳಗಿದ್ದದ್ದಂತೆ. ಈಗ ಕಾಫಿ ಸೋಸಿ ಸೋಸಿ ಕಪ್ಪಾದ ಬಟ್ಟೆ.

ಅಪ್ಪ ಮೂಸಿ ನೋಡಿದರು. ಈಗಿನ ಪೆಟ್ರೋಲಿನಲ್ಲಿ ಕಬ್ಬಿನಿಂದ ಮಾಡಿದ ಎಥೆನಾಲ್ ಬೆರೆಸುತ್ತಾರೆ, ನೂರಕ್ಕೆ ಇಪ್ಪತ್ತರ ತನಕ ಅಂತ ನಾನು ಹಿಂದಿನ ದಿನ ಹೇಳಿದ್ದೆ. ಎಥೆನಾಲ್ ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕಾಗಿ ಮಾಡದ ಹಳೇ ರಬ್ಬರು ಕೆಡುತ್ತದೆ ಅಂತಲೂ ಹೇಳಿದ್ದೆ. 1933ರ ಮೈಷುಗರ್ ಸಕ್ಕರೆ ಕಾರ್ಖಾನೆಗೆ ಗಾಡಿಯಲ್ಲಿ ಕಬ್ಬು ಹೊಡೆದು, ದುಡ್ಡಿಗೆ ಕಾದು ಕೂತ ಮನುಷ್ಯ ಅವರು. 'ಕಬ್ಬಿನ್ ವಾಸ್ನೆನೇ ಬರಾಕಿಲ್ವಲ್ಲ. ಇಲ್ಲೂ ಮೋಸನೇಯ' ಅಂದರು.

ಹೊಸ ಮೋಟರು, ಹೊಸ ಜರಡಿ, ಒಳಗೂ ಹೊರಗೂ ಪೆಟ್ರೋಲ್ ತಾಳುವ ಪೈಪಿನ ತುಂಡು. ಇಷ್ಟನ್ನೂ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ತಂದಿದ್ದೆ. ಒಂದನ್ನು ಮರೆತಿದ್ದೆ, ಮುಚ್ಚಳದ ರಬ್ಬರ್ ಉಂಗುರ. ಹಳೆಯದು ಚೆನ್ನಾಗೇ ಇದೆ ಅಂದುಕೊಂಡಿದ್ದೆ. ಆದರೆ ಪೆಟ್ರೋಲ್ ಕುಡಿದು ಊದಿಕೊಂಡು, ತನ್ನ ಜಾಗಕ್ಕೆ ತಾನೇ ಹಿಡಿಸದ ಹಾಗೆ ಆಗಿತ್ತು. ಟ್ಯಾಂಕಿನ ಬಾಯನ್ನು ಬಿಗಿಯಾಗಿ ಮುಚ್ಚಿ, ಅಪ್ಪನನ್ನೂ ಮಗಳನ್ನೂ ಕಾವಲಿಗಿಟ್ಟು ಮತ್ತೆ ಬಸ್ ಹತ್ತಿದೆ. ಹೋಗಿ ಬರಲು 90 ಕಿಲೋಮೀಟರ್, ಬೆಲೆ ಬಸ್ ಚಾರ್ಜಿಗಿಂತ ಕಮ್ಮಿ.

ಸಂಜೆ ಎಲ್ಲ ಕೂಡಿಸಿದೆ. ಬ್ಯಾಟರಿ ವೈರ್ ಹಾಕಿ ಕೀ ಆನ್ ಮಾಡಿದೆ. ಝುಂಯ್. ಮತ್ತೆ ಆಫ್, ಮತ್ತೆ ಆನ್. ಝುಂಯ್. ಟಾರ್ಚ್ ಬಿಟ್ಟು ಉಂಗುರದ ಸುತ್ತ ಒದ್ದೆ ಇದೆಯಾ ಅಂತ ನೋಡಿದೆ. ಇರಲಿಲ್ಲ. ಸ್ಟಾರ್ಟ್ ಮಾಡಿದೆ. ನಾಲ್ಕು ಸುತ್ತಿಗೇ ಹೊತ್ತಿಕೊಂಡಿತು.

ಜಗಲಿಯಿಂದ ಅಪ್ಪ ಕೂಗಿದರು: 'ನೀರ್ ಬಂತಾ?'

'ಬಂತು' ಅಂದೆ.

ಎಲ್ಲರನ್ನೂ ಕೂರಿಸಿಕೊಂಡು ಬಂಕಿಗೆ ಹೋದೆ. ಇವತ್ತು ಟ್ಯಾಂಕ್ ತುಂಬಿಸುವುದೇ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದೆ. ಹುಡುಗ ಪೈಪ್ ಹಿಡಿದು ಬಂದು 'ಎಷ್ಟಕ್ಕೆ ಸಾರ್?' ಅಂದ. ಗಾಜು ಇಳಿಸಿದೆ.

'ಇನ್ನೂರು ರೂ...' ಅಂತ ಬಂದೇಬಿಟ್ಟಿತು ಬಾಯಿಗೆ.

ಹಿಂದಿನ ಸೀಟಿನಿಂದ ಮುದ್ದೆ ಕೋಲು ನನ್ನ ಭುಜ ಮುಟ್ಟಿತು. ಅದನ್ನು ಅವರು ಯಾವಾಗ ಕಾರಿಗೆ ತಂದಿದ್ದರೋ.