ಒಂದು ನೌಕರಿ, ನಾಲ್ಕು ಪಗಾರ

ನನಗಿರುವುದು ಒಂದೇ ನೌಕರಿ. ಪಗಾರ ಮಾತ್ರ ನಾಲ್ಕು.

ಮೊದಲನೆಯದು 60,000. ಇದು ಅತ್ತಿ ಮನೆಯವರ ಲೆಕ್ಕ, ಇದರಲ್ಲಿ ನನ್ನ ತಪ್ಪಿಲ್ಲ. ಲಗ್ನದ ಮಾತುಕತೆಗೆ ಕೂತಾಗ ನನ್ನ ಸೋದರಮಾವ ಅಡಿಕೆ ಕತ್ತರಿಸುತ್ತ, 'ಹುಡುಗ ಅಕೌಂಟ್ಸಿನ್ಯಾಗ ಅದಾನ್ರಿ, ಮುಂದ ಅರವತ್ತರ ತನಕ ಹೋಗ್ತಾನ' ಅಂದಿದ್ದ. ಬೀಗರು 'ಮುಂದ' ಎಂಬುದನ್ನು ಜಮಖಾನದ ಮೇಲೇ ಬಿಟ್ಟು, ಅರವತ್ತನ್ನಷ್ಟೇ ಕಟ್ಟಿಕೊಂಡು ಹೋದರು. ಎರಡನೆಯದು 25,000. ಹಾವೇರಿ ಕಡೆ ಹೊಲ ಮಾಡಿಕೊಂಡಿರುವ ನಮ್ಮಣ್ಣನಿಗೆ ಹೇಳಿದ್ದು; ಬಿತ್ತನೆ ಹತ್ತಿರ ಬಂದಾಗ ಇದು ಇನ್ನೂ ಒಂದೆರಡು ಸಾವಿರ ಇಳಿಯುವುದುಂಟು. ಮೂರನೆಯದು 31,000, ಹೆಂಡತಿಗೆ ಗೊತ್ತಿರುವುದು. ನಾಲ್ಕನೆಯದು 33,800, ಖಾತೆಗೆ ಬಂದು ಬೀಳುವುದು. ಕೊನೆಯ ಎರಡರ ನಡುವಿನ 2,800 ಎಲ್ಲಿ ಹೋಗುತ್ತದೆಂದು ದುರ್ಗದಬೈಲಿನ ಗಿರಮಿಟ್ ಗಾಡಿಯವನನ್ನು ಕೇಳಿದರೆ ಅರ್ಧ ಉತ್ತರ ಸಿಕ್ಕೀತು. ಉಳಿದರ್ಧ ನಾನೂ ಹೇಳುವುದಿಲ್ಲ.

ಇಷ್ಟೆಲ್ಲ ಸುಳ್ಳಿನ ಲೆಕ್ಕ ಇಡುವ ನಾನು, ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯಲ್ಲಿ ತೊಂಬತ್ತಮೂರು ಮಂದಿಯ ಪಗಾರ ಮಾಡುವವನು. ಯಾರಿಗೆಷ್ಟು ಎಂಬುದೆಲ್ಲ ನನ್ನ ಹೊಟ್ಟೆಯಲ್ಲಿದೆ. ಪಕ್ಕದ ಟೇಬಲ್ಲಿನವನು ಚಹಾ ಕುಡಿಸಿ ಕೇಳಿದ್ದಾನೆ, ಆಣೆ ಹಾಕಿಸಿ ಕೇಳಿದ್ದಾನೆ. ಚಹಾ ಕುಡಿದಿದ್ದೇನೆ, ಬಾಯಿ ಬಿಟ್ಟಿಲ್ಲ. ಹದಿನಾರು ವರ್ಷದಲ್ಲಿ ಹೊರಬಿದ್ದದ್ದು ಒಂದೇ ಒಂದು ಪಗಾರ. ಅದು ನನ್ನದು.

ಆದದ್ದಿಷ್ಟು. ಮನೆಯ ಮೇಲೊಂದು ಖೋಲಿ ಏರಿಸಲು ಸಾಲ ತೆಗೆಯುವುದಿತ್ತು. ಏಜೆಂಟ್ 'ಪಗಾರದ ಸ್ಲಿಪ್ ಕಳಿಸ್ರಿ' ಅಂದಿದ್ದ. ಅವನ ನಂಬರನ್ನು 'ಮನಿ ಲೋನ್' ಎಂದು ಇಟ್ಟುಕೊಂಡಿದ್ದೆ. ನಮ್ಮ ವಾಟ್ಸಾಪ್ ಗ್ರೂಪಿನ ಹೆಸರು 'ಮನಿ ಮಂದಿ'. ವಾಸ್ತುಶಾಂತಿಗೆ ಕರೆಯಲೆಂದು ಮಾಡಿದ್ದು. ಕಾರ್ಯ ಮುಗಿದರೂ ಗ್ರೂಪು ಮುಗಿಯಲಿಲ್ಲ. ಎರಡೂ ಕಡೆಯವರು ಸೇರಿ ನಲವತ್ತಾರು ಜನ. ಇಂಗ್ಲಿಷಿನವರ ಮನಿ, ನಮ್ಮ ಮನಿ ಎರಡನ್ನೂ ಅವೇ ಎರಡಕ್ಷರದಲ್ಲಿ ಬರೆಯುವುದು ಎಷ್ಟು ಅಪಾಯ ಎಂದು ಆತನಕ ಹೊಳೆದಿರಲಿಲ್ಲ. ಸ್ಲಿಪ್ಪಿಗೆ ಪಾಸ್‌ವರ್ಡ್ ಬೇರೆ ಇತ್ತು. ಏಜೆಂಟನಿಗೆ ತ್ರಾಸಾಗಬಾರದೆಂದು ಅದನ್ನೂ ನಾನೇ ಕೈಯಾರೆ ತೆಗೆದಿದ್ದೆ.

ಸಂಜೆ ಚಿಗರಿ ಬಸ್ಸಿನಲ್ಲಿ ನಿಂತೇ ಧಾರವಾಡಕ್ಕೆ ಹೊರಟಿದ್ದೆ. ಉಣಕಲ್ಲಿನ ಹತ್ತಿರ ಸ್ಲಿಪ್ ಕಳಿಸಿದೆ. ನವನಗರ ಬರುವಷ್ಟರಲ್ಲಿ ಒಂದು ಹೆಬ್ಬೆರಳು ಬಂತು. ಲೋನಿನವನಿಗೆ ಕಳಿಸಿದ್ದಕ್ಕೆ ನನ್ನ ಷಡ್ಡಕ ಯಾಕೆ ಹೆಬ್ಬೆರಳು ತೋರಿಸುತ್ತಾನೆ ಎಂದು ಮೊಬೈಲು ಕಣ್ಣಿನ ಹತ್ತಿರ ತಂದವನಿಗೆ ಎದೆ ಧಸಕ್ಕೆಂದಿತು. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದರ ಹೆಬ್ಬೆರಳಿನಿಂದ ಸ್ಲಿಪ್ಪನ್ನು ಒತ್ತಿ ಹಿಡಿದೆ. ಎಲ್ಲರಿಗೂ ಅಳಿಸಲೋ, ನಿನಗಷ್ಟೇ ಅಳಿಸಲೋ ಎಂದು ಕೇಳಿತು. ಅದೇ ಗಳಿಗೆಗೆ ಡ್ರೈವರ್ ಬ್ರೇಕ್ ಹಾಕಿದ. ಬೆರಳು ಜಾರಿ ಬಿದ್ದದ್ದು 'ಡಿಲೀಟ್ ಫಾರ್ ಮಿ' ಮೇಲೆ. ತಪ್ಪಾದರೆ ತಿದ್ದಿಕೊ ಎಂದು ಕೆಳಗೊಂದು ಪಟ್ಟಿ ಕೆಲವು ಸೆಕೆಂಡು ನಿಂತಿತ್ತಂತೆ. ನಾನು ಆಗ ಕನ್ನಡಕ ಹುಡುಕುತ್ತಿದ್ದೆ.

ಹೀಗಾಗಿ ನನ್ನ ಪಗಾರವನ್ನು ನಲವತ್ತೈದು ಜನ ಬೇಕಾದಾಗ ತೆಗೆದು ನೋಡಬಹುದು. ನೋಡಲಾರದವನು ನಾನೊಬ್ಬನೇ.

ಗ್ರೂಪು ಗಪ್‌ಚಿಪ್. ದಿನಾ ಮುಂಜಾನೆ ಹೂವಿನ ಚಿತ್ರ ಹಾಕುವ ಕಾಕಾ ಕೂಡ ಸುಮ್ಮನಿದ್ದ. ರಾಯಾಪುರ ದಾಟುತ್ತಿದ್ದಂತೆ ಅಣ್ಣನ ಫೋನು. ಎಂಟು ಸಾವಿರದ ಎಂಟುನೂರು ಮುಚ್ಚಿಟ್ಟದ್ದಕ್ಕೆ ಬೈಸಿಕೊಳ್ಳಲು ತಯಾರಾಗಿ ಎತ್ತಿದೆ.

'ತಮ್ಮಾ, ಮ್ಯಾಲೆ 42,000 ಅಂತ ಐತಿ, ಕೆಳಗ 33,800 ಐತಿ. ನಡಬರಕ ಯಾಂವ ತಿಂದ?'

ಬಸ್ಸಿನ ಗದ್ದಲದಲ್ಲಿ ವಿವರಿಸಿದೆ. ಮೇಲಿನದು ಸಿಟಿಸಿ, ಅಂದರೆ ನನ್ನನ್ನು ಸಾಕಲು ಕಂಪನಿಗೆ ತಗಲುವ ಖರ್ಚು. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚುಯಿಟಿಗೆಂದು ತೆಗೆದಿಡುವ 962, ವಿಮೆ 438 ಹೋಗಿ 38,800. ಅದರಲ್ಲಿ ನನ್ನ ಪಾಲಿನ ಪಿಎಫ್ ಮತ್ತೆ 1,800, ವೃತ್ತಿ ತೆರಿಗೆ 200, ಹಬ್ಬದ ಮುಂಗಡದ ಕಂತು 3,000 ಹೋಗಿ ಉಳಿದದ್ದು ಕೈಗೆ. ಪಕ್ಕದಲ್ಲಿ ನಿಂತ ಹುಡುಗ ಇಯರ್‌ಫೋನ್ ತೆಗೆದು ಕೇಳಿಸಿಕೊಳ್ಳುತ್ತಿದ್ದ.

'ಅಂದ್ರ ನಿನಗ ಕೊಡಲಾರದ್ದೂ ನಿನ್ನ ಪಗಾರದಾಗ ಬರದಾರ' ಅಂದ ಅಣ್ಣ. 'ಬ್ಯಾಡಗಿ ಪ್ಯಾಟ್ಯಾಗ ನಮ್ಮ ಮೆಣಸಿನಕಾಯಿ ಚೀಲಕ್ಕ ಹಿಂಗ ಆಕ್ಕೈತಿ ನೋಡು. ಹಮಾಲಿ, ತೂಕ, ಚೀಲದ ಕಡತಾ. ನೀ ಸಾಲಿ ಕಲ್ತಿ, ನಿನಗ ಹಂಗ ಇರಂಗಿಲ್ಲ ಅಂತ ತಿಳದಿದ್ದೆ.' ಆಮೇಲೆ ದನಿ ಇಳಿಸಿದ. 'ನಂದೂ ವರ್ಷಕ್ಕೊಮ್ಮಿ ಪಗಾರಪಾ. ಸಿಟಿಸಿ ಭಾಳ ಐತಿ, ಕೈಗೆ ಬರೂದು ಮಾತ್ರ ಮಳಿ ಮ್ಯಾಲೆ. ಉದ್ಯೋಗ ಖಾತ್ರಿ ಕೆಲಸಕ್ಕ ಸರ್ಕಾರ ದಿನಕ್ಕ 370 ಅಂತ ಮಾಡೇತಿ. ಆ ರೊಕ್ಕಕ್ಕ ಕಾಯಿ ಬಿಡಿಸಾಕ ಬರ್ರಿ ಅಂದ್ರ ಆಳು ನಗ್ತಾವ.' ಹೇಳಿ ಮುಗಿಸಿ, 'ರೊಕ್ಕ ಏನರ ಬೇಕಿತ್ತೇನು?' ಎಂದ. ಈ ಪ್ರಶ್ನೆ ಹದಿನಾರು ವರ್ಷ ಆ ಕಡೆಯಿಂದ ಬಂದಿರಲಿಲ್ಲ.

ಷಡ್ಡಕನ ಕಥೆ ಬೇರೆ. ಅವನು ಸರ್ಕಾರಿ ಆಫೀಸಿನಲ್ಲಿ ಜವಾನ. ನನ್ನ 60,000ಕ್ಕೆ ಮರ್ಯಾದೆ ಕೊಟ್ಟು, ಹೋಟೆಲಿಗೆ ಹೋದಾಗಲೆಲ್ಲ ಬಿಲ್ಲಿನ ತಟ್ಟೆಯನ್ನು ಬೆರಳ ತುದಿಯಿಂದ ನನ್ನ ಮುಂದೆ ಸರಿಸುತ್ತಿದ್ದ. ಹದಿನಾಲ್ಕು ವರ್ಷದಿಂದ ಸರಿಸಿದ್ದಾನೆ. ಇತ್ತ ರಾಜ್ಯದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟಿನಿಂದ ಜಾರಿಯಾಗಿ, ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನವೇ 17,000ದಿಂದ 27,000ಕ್ಕೆ ಏರಿತು. ಇದು ಹೊಸದಾಗಿ ಸೇರುವವನಿಗೆ. ಇಪ್ಪತ್ತು ವರ್ಷದ ಇನ್‌ಕ್ರಿಮೆಂಟು, ತುಟ್ಟಿಭತ್ಯೆ, ಮನೆ ಬಾಡಿಗೆ ಎಲ್ಲ ಸೇರಿದ ಷಡ್ಡಕನದು ನನ್ನ ಸಿಟಿಸಿಯನ್ನು ಯಾವಾಗಲೋ ದಾಟಿ ಹೋಗಿತ್ತು. ಪಗಾರ ಮಾಡುವ ನನಗೆ ಇದು ಗೊತ್ತಿರದೆ ಏನಿಲ್ಲ. ಆದರೆ ಅರವತ್ತರ ಮರ್ಯಾದೆ ಉಳಿಸಿಕೊಳ್ಳಲು ಬಿಲ್ಲು ಕೊಡುತ್ತಿದ್ದೆ. ಆವತ್ತು ಅವನು ಗ್ರೂಪಿನಲ್ಲಿ ಬರೆದದ್ದು ಒಂದೇ ಸಾಲು, 'ದೇವ್ರು ಎಲ್ಲಾರಿಗೂ ಕೊಡ್ಲಿ', ಮುಂದೆ ಕೈ ಮುಗಿದ ಚಿತ್ರ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅದಾದ ಮೇಲೆ ಗ್ರೂಪಿನ ಕಟ್ಟೆ ಒಡೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಅಳಿಯ ವರ್ಷಕ್ಕೆ ಹದಿನಾಲ್ಕು ಲಕ್ಷದವನು. ಬಾಡಿಗೆ, ಕಾರಿನ ಕಂತು ಕಳೆದು ತಿಂಗಳ ಇಪ್ಪತ್ತಕ್ಕೆ ತನ್ನ ಅವ್ವನಿಗೇ ಫೋನ್ ಮಾಡುತ್ತಾನೆಂದು ಅವ್ವನೇ ಬರೆದಳು. ಅತಿಥಿ ಉಪನ್ಯಾಸಕಿಯಾದ ಅಕ್ಕನ ಮಗಳು, 'ಮಾಮಾ, ನಿಮಗ ಬ್ಯಾಸಗಿಯೊಳಗೂ ಪಗಾರ ಬರ್ತೈತಿ?' ಎಂದಳು. ಅವಳಿಗೆ ಕಾಲೇಜು ಸೂಟಿ ಬಂದರೆ ಪಗಾರಕ್ಕೂ ಸೂಟಿ. ಸಪ್ತಾಪುರದಲ್ಲಿ ಖೋಲಿ ಹಿಡಿದು ನಾಲ್ಕು ವರ್ಷದಿಂದ ಪಿಎಸ್‌ಐ, ಕೆಎಎಸ್ ಎಂದು ಓದುತ್ತಿರುವ ಇನ್ನೊಬ್ಬ ಹುಡುಗ ಮಾತ್ರ ಏನೂ ಬರೆಯಲಿಲ್ಲ. ಅವನ ಪಗಾರ ಇನ್ನೂ 'ಮುಂದ'ದಲ್ಲಿದೆ.

ಎಲ್ಲಕ್ಕಿಂತ ಪೆಟ್ಟು ಕೊಟ್ಟವನು ಗದಗಿನಲ್ಲಿ ಭಜಿ ಗಾಡಿ ಹಾಕುವ ಕಾಕಾನ ಮಗ. ಮರುವಾರ ಅವನ ಗಾಡಿಯ ಮುಂದೆ ನಿಂತಿದ್ದೆ. ಒಂದೊಂದು ಮೆಣಸಿನಕಾಯಿಯ ಹೊಟ್ಟೆ ಸೀಳಿ, ಅಜಿವಾನದ ಪುಡಿ ತುಂಬಿ, ಹಿಟ್ಟಿನಲ್ಲಿ ಮುಳುಗಿಸಿ, ಬಾಣಲೆಯ ಅಂಚಿಗೆ ಒರೆಸಿ ಎಣ್ಣೆಗೆ ಬಿಡುತ್ತಿದ್ದ. ಒಮ್ಮೆಗೆ ಹದಿನೆಂಟು. ನಾನು ಚಟಕ್ಕೆ ಬಿದ್ದು ಎಣಿಸಿದೆ. ಸಂಜೆ ನಾಲ್ಕರಿಂದ ಒಂಬತ್ತರ ತನಕ ಎಷ್ಟು ಬಾಣಲೆ, ಒಂದಕ್ಕೆ ಎಷ್ಟು ರೂಪಾಯಿ, ಕಡಲೆ ಹಿಟ್ಟು, ಎಣ್ಣೆ, ಗ್ಯಾಸು, ಹುಡುಗನ ಹಾಜರಿ, ಮಳೆಯ ದಿನಗಳು ಎಲ್ಲ ಕಳೆದೆ. ಉತ್ತರ ಬಂದ ಮೇಲೆ ಇನ್ನೊಮ್ಮೆ ಕಳೆದೆ. ಹೇಗೆ ಕಳೆದರೂ ನನ್ನ ಸಿಟಿಸಿಯ ಕೆಳಗೆ ಇಳಿಯಲೊಲ್ಲದು.

'ಅಣ್ಣಾ, ನಿಮ್ಮದು ಚಲೋ ಬಿಡ್ರಿ' ಅಂದ ಅವನು, ತೋಳಿನ ಮೇಲಿನ ಸುಟ್ಟ ಕಲೆ ಒರೆಸಿಕೊಳ್ಳುತ್ತ. 'ಫ್ಯಾನಿನ ಕೆಳಗ ಕುಂತು ಪಗಾರ. ಜ್ವರ ಬಂದ್ರೂ ಪಗಾರ. ನಂದು ಗಾಡಿ ನಿಂತ್ರ ಎಲ್ಲಾ ನಿಂತ್ಹಂಗ.' ನಾಲ್ಕು ಭಜಿ ಕಟ್ಟಿಕೊಟ್ಟು ರೊಕ್ಕ ತೆಗೆದುಕೊಳ್ಳಲಿಲ್ಲ. ಸ್ಲಿಪ್ ನೋಡಿದ್ದಾನೆಂದು ಗೊತ್ತಾಯಿತು.

ಇನ್ನು ಸ್ಲಿಪ್ ಕಳಿಸಿದ ಆವತ್ತಿನ ರಾತ್ರಿ ಮನೆಯಲ್ಲಿ ಆದದ್ದು. ಮೆಟ್ಟಿಲು ಹತ್ತುವಾಗಲೇ ರೊಟ್ಟಿ ಬಡಿಯುವ ಸಪ್ಪಳ ದಿನಕ್ಕಿಂತ ಜೋರಾಗಿ ಕೇಳಿಸಿತು. ಊಟ ಮುಗಿಯುವ ತನಕ ಒಂದು ಮಾತಿಲ್ಲ. ಪಾತ್ರೆ ಎತ್ತಿಟ್ಟು ಬಂದು ಹೆಂಡತಿ ಕಸೂತಿ ಹಿಡಿದು ಕೂತಳು. ಅಂಗಡಿಯವರು ಕೊಟ್ಟ ಸೀರೆಗಳಿಗೆ ಗೋಪುರ, ತುಳಸಿಕಟ್ಟೆ, ಆನೆ ಅಂಬಾರಿ ಹಾಕಿ ಕೊಡುತ್ತಾಳೆ. ಅದರಿಂದ ಬರುವುದು 'ಕಾಯಿಪಲ್ಯಾಕ್ಕ ಆಗ್ತೈತಿ' ಎಂಬುದಷ್ಟೇ ನನಗೆ ಗೊತ್ತಿದ್ದ ಅಂಕಿ.

'33,800ರಾಗ 31,000 ಹ್ವಾದ್ರ ಎಷ್ಟ್ರೀ? ನೀವು ಅಕೌಂಟ್ಸಿನ್ಯಾವ್ರು.'

ಗಿರಮಿಟ್ಟಿನ ಹೆಸರು ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸಿದಳು.

'ಹಬ್ಬದ ಮುಂಗಡ ಅಂತ ಒಂದ್ ಸಾಲು ಐತಿ. ಯಾವ ಹಬ್ಬಕ್ಕರೀ?'

ಇದು ಬರುತ್ತದೆಂದು ನಾನೆಣಿಸಿರಲಿಲ್ಲ. ಆ ಮುಂಗಡದಲ್ಲಿ ಕೊಂಡದ್ದು ಈ ಮೊಬೈಲು. ಮನೆಯಲ್ಲಿ ಹೇಳಿದ್ದು ಆಫೀಸಿನವರು ಕೊಟ್ಟರೆಂದು. ಅದೇ ಮೊಬೈಲು ನನ್ನ ಅಂಗಿಯ ಕಿಸೆಯಲ್ಲಿ ಟಣ್ ಎಂದಿತು. ಏಜೆಂಟ್: 'ಸರ್, ಸ್ಲಿಪ್ ಇನ್ನೂ ಬರಲಿಲ್ಲ.'

ಹಿಮ್ಮೆಟ್ಟಲು ಜಾಗವಿಲ್ಲದಾಗ ಮುಂದೆ ನುಗ್ಗಬೇಕಾಗುತ್ತದೆ. 'ಅದಿರ್ಲಿ, ನಿಂದೆಷ್ಟು? ಹತ್ತು ವರ್ಷ ಆತು ಕಸೂತಿ ಹಾಕಾಕತ್ತಿ. ಗಂಟು ಎಷ್ಟು ಮಾಡಿ ಹೇಳು' ಎಂದೆ.

ಅವಳು ತಲೆ ಎತ್ತಲಿಲ್ಲ.

'ಕಸೂತ್ಯಾಗ ಗಂಟು ಹಾಕಂಗಿಲ್ರಿ. ಬೇಕಂದ್ರ ತಿರುವಿ ನೋಡ್ರಿ.'

ಸೆರಗನ್ನು ನನ್ನ ಕಡೆ ಚಾಚಿದಳು. ತಿರುವಿ ನೋಡಿದೆ, ಕನ್ನಡಕ ಹಾಕಿಕೊಂಡೇ ನೋಡಿದೆ. ಗೋಪುರ ಆ ಕಡೆಯಿಂದಲೂ ಗೋಪುರವೇ. ಒಂದು ಗಂಟೂ ಸಿಗಲಿಲ್ಲ.